ಮೂರಕ್ಷರ ಹೆಚ್ಚು

ನಮ್ಮೂರನ್ನು ಕರೆಯುವಾಗ ಲೆಮ್‌ಸ್ಟರ್,
ಬರೆಯುವಾಗ ಮೂರಕ್ಷರ ಹೆಚ್ಚು.
ಯಾರೂ ಉಚ್ಚರಿಸದ ಆ ಮೂರನ್ನು
ಯಾಕಪ್ಪಾ ಹೊತ್ತುಕೊಂಡು ತಿರುಗುತ್ತೇವೆ
ಎಂದು ಎಮ್ರಿಸ್ ಕೇಳಿದಾಗ ಅವನಿಗೆ ಆರು.
ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಶನಿವಾರ, ಕಾರ್ನ್ ಸ್ಕ್ವೇರಿನಲ್ಲಿ
ಮಡಚುವ ಮೇಜು, ನಾಲ್ಕು ಕುರ್ಚಿ, ಸಹಿಯ ಹಾಳೆ,
ಹಾಳೆ ಹಾರದಂತೆ ಮೇಲೆ ನನ್ನ ಶ್ರುತಿಕವೆ.
ಖಾಸಗಿ ಶಾಲೆಯ ಫೀಸಿಗೆ
ನೂರಕ್ಕೆ ಇಪ್ಪತ್ತು ತೆರಿಗೆ ಬರಲಿದೆಯಂತೆ.
ಬರಬಾರದೆಂದು ನಾವು ಕೂತಿದ್ದೇವೆ,
ಕೈಗವಸಿನೊಳಗೆ ಬೆರಳು ಮರಗಟ್ಟುತ್ತಾ.

ನಾನು ಪಿಯಾನೋಗಳಿಗೆ ಶ್ರುತಿ ಮಾಡುವವನು.
ಒಂದಕ್ಕೆ ಎಪ್ಪತ್ತು ಪೌಂಡು, ಪೆಟ್ರೋಲು ಕೈಯಿಂದ.
ನೂರಕ್ಕೆ ಇಪ್ಪತ್ತೆಂದರೆ ನನ್ನ ಲೆಕ್ಕದಲ್ಲಿ
ವರ್ಷಕ್ಕೆ ಮೂವತ್ತೊಂದು ಪಿಯಾನೋ.
ಈ ಸೀಮೆಯಲ್ಲಿ ಅಷ್ಟೊಂದು ಅಪಶ್ರುತಿ
ಉಳಿದಿಲ್ಲ.

ಡಾವಿನಾ ಥಾರ್ನ್‌ಕ್ರಾಫ್ಟ್ ನಮ್ಮ ಅಧ್ಯಕ್ಷೆ.
ಅವಳ ಮನೆಯ ಕರಿಯ ಗ್ರ್ಯಾಂಡ್ ಪಿಯಾನೋವನ್ನು
ವರ್ಷಕ್ಕೆರಡು ಸಲ ಮುಟ್ಟುವವನು ನಾನೊಬ್ಬನೇ.
ಒಳ್ಳೆಯವಳು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ
ಮೂರು ವಾರ ಹುಡುಗನನ್ನು ಶಾಲೆಗೆ ಬಿಟ್ಟು ಕರೆತಂದಳು,
ಒಂದು ದಿನವೂ ಆ ಮಾತೆತ್ತಲಿಲ್ಲ.

ಎಮ್ರಿಸ್ ಎರಡು ಸಂಜೆ ಅಡುಗೆಮನೆಯಲ್ಲಿ ಕೂತು
ಹಲಗೆಗೆ ಹಸಿರು ಬಳಿದು ಬರೆದಿದ್ದ,
ನನ್ನ ಶಾಲೆ ನನಗೆ ಬೇಕು ಎಂದು.
ಒಂದಕ್ಷರ ಕನ್ನಡಿಯೊಳಗಿನಂತೆ ತಿರುಗಿತ್ತು,
ಇನ್ನೊಂದು ಬಂದೇ ಇರಲಿಲ್ಲ.

'ಹನ್ನೊಂದಕ್ಕೆ ಪತ್ರಿಕೆಯವರು ಫೋಟೋಗೆ ಬರ್ತಾರೆ,'
ಡಾವಿನಾ ತಗ್ಗಿದ ದನಿಯಲ್ಲಿ ಅಂದಳು,
'ಇಷ್ಟು ಫೀಸು ತಗೊಂಡು ಕಲಿಸೋದು ಇದೇನಾ ಅಂತಾರೆ ಜನ.'
ನಿದ್ದೆಯ ಮಗುವನ್ನು ಮಗ್ಗುಲು ಮಾಡಿಸುವ ಹಾಗೆ
ಹಲಗೆಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು.
ನಾನು ಸುಮ್ಮನಿದ್ದೆ.
ಎಮ್ರಿಸ್ ಚೀಸಿನ ಅಂಗಡಿಯ ಮುಂದೆ
ಬಿಟ್ಟಿ ಚೂರು ತಿನ್ನುತ್ತಿದ್ದ. ದೇವರು ದೊಡ್ಡವನು.

ಆಮೇಲೆ ಬಂದವರು ಮಿಸ್ ಪ್ರಾಬರ್ಟ್,
ಚೀಲದಿಂದ ಈರುಳ್ಳಿಸೊಪ್ಪು ಇಣುಕುತ್ತಿತ್ತು.
ಸರ್ಕಾರಿ ಶಾಲೆಯಲ್ಲಿ ಇವನ ಮೊದಲ ಟೀಚರು.
ಮೂವತ್ತೊಂದು ಮಕ್ಕಳು, ಸೋರುವ ಮೂಲೆಗೊಂದು ಬಕೆಟ್ಟು.
ಒಂದು ಸಂಜೆ ಗೇಟಿನ ಹತ್ತಿರ ನನ್ನ ತೋಳು ಹಿಡಿದು
'ಇವನಿಗೆ ಬೇಕಾದಷ್ಟು ಹೊತ್ತು ನನ್ನ ಹತ್ತಿರ ಇಲ್ಲ,
ಸಾಧ್ಯವಾದರೆ ಬೇರೆ ಕಡೆ ಸೇರಿಸಿ' ಎಂದವರು.

ಡಾವಿನಾ ಪೆನ್ನು ಚಾಚಿದಳು.
ಅವರು ಮನವಿಯನ್ನು ಕೊನೆಯ ಸಾಲಿನ ತನಕ ಓದಿದರು.
ಬೆಳಗಿನಿಂದ ಹಾಗೆ ಓದಿದವರು ಅವರೊಬ್ಬರೇ.
'ಸಹಿ ಹಾಕಲ್ಲ,' ಎಂದರು.
'ಇವನಂಥೋರು ಐದು ಜನ ಇದಾರೆ ನನ್ನ ಕ್ಲಾಸಲ್ಲಿ.
ಅವರ ಹೆಸರಲ್ಲಿ ಮೇಜು ಹಾಕೋರು ಯಾರೂ ಇಲ್ಲ.'
ಡಾವಿನಾ ಏನೋ ಹೇಳಿದಳು, ಸರಿಯಾದದ್ದನ್ನೇ.
ಮಿಸ್ ಪ್ರಾಬರ್ಟ್ ನನ್ನತ್ತ ತಿರುಗಿ,
'ಹಾಲಿನ ಪಿಯಾನೋದ ಆ ಮನೆ ಇನ್ನೂ ಅಂಟಿಕೊಳ್ಳುತ್ತೆ.
ಒತ್ತಿದರೆ ಏಳೋದೇ ಇಲ್ಲ.'

ಹೋಗುವಾಗ ಗೋಡೆಯ ಹಲಗೆ ಕಂಡು
ಚೀಲ ಕೆಳಗಿಟ್ಟು ತಿರುಗಿಸಿದರು.
ತುಟಿಯಲ್ಲೇ ಓದಿಕೊಂಡರು, ಕಾಪಿ ಪುಸ್ತಕ ನೋಡುವಂತೆ.
'ಈ ಅಕ್ಷರ ಇನ್ನೂ ಅತ್ತಲೇ ನೋಡ್ತಿದೆಯಲ್ಲ!'
ನಕ್ಕರು. ಹೊರಟುಹೋದರು.

ಹನ್ನೊಂದೂವರೆಗೆ ಫೋಟೋದವನು ಬಂದ.
ನಾನು ಹಲಗೆಗೆ ಅಡ್ಡ ನಿಂತೆನೋ
ಪಕ್ಕಕ್ಕೆ ಸರಿದೆನೋ,
ಗುರುವಾರದ ಪತ್ರಿಕೆ ನೋಡಿ ತಿಳಿಯಬೇಕು.
ಸಹಿ ಇನ್ನೂರ ಹನ್ನೆರಡು. ನನ್ನದೂ ಸೇರಿ.

ಸಂಜೆ ಕಿಂಗ್ಸ್‌ಲೆಂಡಿನಲ್ಲಿ ಒಂದು ಪಿಯಾನೋ ಮುಗಿಸಿ
ಮರಳುವಾಗ, ವ್ಯಾನಿನ ಹಿಂದೆ
ಪ್ರತಿ ತಿರುವಿಗೂ ಹಲಗೆ ಟಪ್ಪೆಂದು ಬೀಳುತ್ತಿತ್ತು.
ದೀಪದ ಬೆಳಕಿಗೆ ಊರಿನ ಫಲಕ ಸಿಕ್ಕಿತು.
ಎಮ್ರಿಸ್ ಬೆರಳಿಟ್ಟು, ಒಂದನ್ನೂ ಬಿಡದೆ,
ಆ ಮೂರನ್ನೂ ಕೂಡಿಸಿಕೊಂಡು ಓದಿದ:
ಲೆ. ಓ. ಮಿನ್. ಸ್ಟರ್.

ಊರಿನವರು ಯಾರು ಕೇಳಿದರೂ ತಪ್ಪೆನ್ನುತ್ತಿದ್ದರು.
ನಾನು ಗೇರು ಇಳಿಸಿದೆ,
ಫಲಕ ಇನ್ನಷ್ಟು ಹೊತ್ತು ಕಾಣಲಿ ಎಂದು.